ಓನರ್‌ಶಿಪ್ ಅಂದ್ರೆ ಏನಕ್ಕಾ?

ಭಾಗ 1/7

ಮೊದಲನೇ ಫೋಟೋ ನಮ್ಮ ಹುಳು ಮನೆ. ಚಂದ್ರಿಕೆ ಪಕ್ಕ ಒಂದು ಸ್ಟೂಲು, ಸ್ಟೂಲ್ ಮೇಲೆ ಲ್ಯಾಪ್‌ಟಾಪು. ಅದೇ ನನ್ನ ಆಫೀಸು. ನಗಬೇಡಿ, ಸಾತನೂರಿನ ನಮ್ಮನೇಲಿ ನೆಟ್‌ವರ್ಕ್ ನೆಟ್ಟಗೆ ಸಿಗೋ ಜಾಗ ಅದೊಂದೇ.

ಕಳೆದ ತಿಂಗಳು ಹುಳು ಹಣ್ಣಾಗೋ ಹೊತ್ತು. ಮನೇಲಿ ಕೈ ಸಾಲದು ಅಂತ ಎರಡು ದಿನ ಊರಿಂದಲೇ ಕೆಲಸ ಮಾಡ್ತೀನಿ ಅಂತ ಹೇಳಿ ಬಂದಿದ್ದೆ. ಸೋಮವಾರ ಬೆಳಗ್ಗೆ ಹತ್ತೂವರೆಗೆ ಕಾಲ್. ಅಪ್ಪ, ಅವ್ವ ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡ್ತಿದ್ರು. ನಾನು ಪಕ್ಕದಲ್ಲೇ ಹೆಡ್‌ಫೋನ್ ಹಾಕ್ಕೊಂಡು "ಲೆಟ್ಸ್ ಅಲೈನ್ ಆನ್ ದಿಸ್", "ನೋ ಬ್ಯಾಂಡ್‌ವಿಡ್ತ್ ದಿಸ್ ವೀಕ್", "ವಿಲ್ ಸರ್ಕಲ್ ಬ್ಯಾಕ್" ಅಂತ ಒಂದು ಗಂಟೆ ಮಾತಾಡಿದೆ.

ಕಾಲ್ ಮುಗೀತು. ಅಪ್ಪ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೇಳಿದ್ರು: "ಏನವ್ವಾ, ಇಷ್ಟೊತ್ತು ಮಾತಾಡುದ್ರಲ್ಲ, ಏನ್ ತೀರ್ಮಾನ ಆಯ್ತು?"

"ನಾಳೆ ಇನ್ನೊಂದು ಮೀಟಿಂಗ್ ಐತಪ್ಪ."

"ಓ, ನಮ್ಮ ಪಂಚಾಯ್ತಿ ಥರನೇ ಅನ್ನು."

ಅವ್ವ ನಕ್ಕು ನಕ್ಕು ಕೆಮ್ಮಿದಳು. ನಾನೂ ನಕ್ಕೆ. ಆದರೆ ಅವತ್ತು ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಭಾಗ 5ರಲ್ಲಿ ಹೇಳ್ತೀನಿ. ಅಲ್ಲೀವರೆಗೆ ಸ್ವಲ್ಪ ನಗೋಣ.

ಭಾಗ 2/7

ನಮ್ಮ ಹತ್ತನೇ ಕ್ಲಾಸ್ ಬ್ಯಾಚಿನವರು, ಈ ವರ್ಷ ಕೆಲಸಕ್ಕೆ ಸೇರೋ ತಮ್ಮಂದಿರು, ತಂಗಿಯರು, ಬರ್ಕೊಳ್ಳಿ. ಪರೀಕ್ಷೆಗೆ ಬರುತ್ತೆ.

ಬ್ಯಾಂಡ್‌ವಿಡ್ತ್: ಒಂದು ತಂತಿಯಲ್ಲಿ ಎಷ್ಟು ಸಿಗ್ನಲ್ ಹಾಯಬಹುದು ಅನ್ನೋ ಲೆಕ್ಕ. ಆಫೀಸಲ್ಲಿ ಅರ್ಥ, "ನಂಗೆ ಪುರುಸೊತ್ತಿಲ್ಲ."

ಸರ್ಕಲ್ ಬ್ಯಾಕ್: "ಆಮೇಲೆ ನೋಡೋಣ." ಸಾತನೂರು ಸರ್ಕಲ್ಲಲ್ಲಿ ನಿಂತು ಕನಕಪುರದ ಬಸ್ಸು ಕಾದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಲೋ ಹ್ಯಾಂಗಿಂಗ್ ಫ್ರೂಟ್: ಕೈಗೆಟುಕೋ ಮಾವಿನಕಾಯಿ. ನಮ್ಮ ಕಡೆ ಅದನ್ನ ಸ್ಕೂಲಿಂದ ಬರೋ ಮಕ್ಕಳೇ ಮುಗಿಸಿರ್ತಾರೆ. ಆಫೀಸಲ್ಲಿ ಅದಕ್ಕೆ ಮೂರು ತಿಂಗಳ ಪ್ಲಾನ್ ಮಾಡ್ತಾರೆ.

ಡೀಪ್ ಡೈವ್: ಕೂತು ಇಪ್ಪತ್ತು ಸ್ಲೈಡ್ ನೋಡೋದು. ಅರ್ಕಾವತಿ ಕಾವೇರಿಗೆ ಸೇರೋ ಸಂಗಮದ ಸುಳಿ ನೋಡಿ ಬೆಳೆದ ನಾವು ಆಳ ಅನ್ನೋ ಮಾತನ್ನ ಅಷ್ಟು ಸಲೀಸಾಗಿ ಬಳಸಲ್ಲ.

ಬೆಂಚ್: ಸ್ಕೂಲಲ್ಲಿ ಹೋಂವರ್ಕ್ ಮಾಡದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರಲ್ಲ, ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಇಲ್ಲದಿದ್ರೆ ಬೆಂಚ್ ಮೇಲೆ ಕೂರಿಸ್ತಾರೆ. ಮರ್ಯಾದೆ ಹೋಗೋದು ಎರಡೂ ಕಡೆ ಒಂದೇ ಥರ.

ಡೆಡ್‌ಲೈನ್: ಇದರ ಕತೆ ಓದಿದಾಗ ನಂಗೆ ಮೈ ಜುಮ್ ಅಂತು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಆಂಡರ್ಸನ್‌ವಿಲ್ ಅನ್ನೋ ಸೆರೆಶಿಬಿರದ ಗೋಡೆಯ ಒಳಗಡೆ ಒಂದು ಗಡಿ ಇತ್ತು. ಅದನ್ನ ದಾಟಿದ ಕೈದಿಗೆ ಕಾವಲಿನವರು ಗುಂಡು ಹೊಡೀತಿದ್ರು. ಆ ಗಡಿಯ ಹೆಸರು ಡೆಡ್‌ಲೈನ್. ನಮ್ಮ ಆಫೀಸಿನ ಡೆಡ್‌ಲೈನ್ ಶುಕ್ರವಾರದಿಂದ ಸೋಮವಾರಕ್ಕೆ ಹೋಗುತ್ತೆ, ಯಾರಿಗೂ ಏನೂ ಆಗಲ್ಲ.

ಈ ಪದಗಳನ್ನ ನೋಡಿ ನಕ್ಕೋರಲ್ಲಿ ನಾವೇ ಮೊದಲಲ್ಲ. ಮೀಟಿಂಗಲ್ಲಿ ಬರೋ ದೊಡ್ಡ ಪದಗಳನ್ನ ಚೌಕದಲ್ಲಿ ಬರ್ಕೊಂಡು, ಕೇಳಿದಾಗೆಲ್ಲ ಗೀಟು ಹಾಕೋ ಬಜ್‌ವರ್ಡ್ ಬಿಂಗೊ ಆಟ ಇದೆ. 1994ರಲ್ಲೇ ಡಿಲ್ಬರ್ಟ್ ಕಾಮಿಕ್ಸಲ್ಲಿ ಅದು ಬಂದಿತ್ತು. ನಾವೂ ಹಿಂದಿನ ಸೀಟಲ್ಲಿ ಕೂತು ಆಡಿದ್ದೀವಿ. ನಾನು ಎರಡು ಸಲ ಗೆದ್ದಿದ್ದೀನಿ, ಒಂದು ಸಲ ಪಪ್ಸ್ ಸಿಕ್ತು.

ಭಾಗ 3/7

ಈಗ ಎರಡನೇ ಫೋಟೋ ನೋಡಿ. ಹುಳುಗಳೆಲ್ಲ ತಲೆ ಎತ್ಕೊಂಡು ಅಲ್ಲಾಡದೆ ಕೂತಿವೆ. ಇದಕ್ಕೆ ನಮ್ಮ ಕಡೆ "ಜ್ವರಕ್ಕೆ ಕೂತವೆ" ಅಂತಾರೆ. ಮೈ ಬಿಸಿಯಾಗೋ ಜ್ವರ ಅಲ್ಲ, ಹಳೇ ಚರ್ಮ ಕಳಚಿ ಹೊಸದು ಬರೋ ಹೊತ್ತು. ಮೊಟ್ಟೆಯಿಂದ ಆಚೆ ಬಂದು ಗೂಡು ಕಟ್ಟೋದರೊಳಗೆ ಹುಳು ನಾಲ್ಕು ಜ್ವರ ದಾಟಬೇಕು.

ಬೆಂಗಳೂರಿನ ನನ್ನ ರೂಮ್‌ಮೇಟ್ ಒಂದ್ಸಲ ಮನೆಗೆ ಬಂದಿದ್ದಳು. ಅಪ್ಪ ಅವ್ವ ಮಾತಾಡೋದು ಕೇಳಿ "ನಿಮ್ಮ ಕನ್ನಡ ನಂಗೆ ಒಂದಕ್ಷರ ಅರ್ಥ ಆಗಲ್ಲ ಕಣೇ" ಅಂದಳು. ಚಾಕಿ ಹುಳು, ಎರಡನೇ ಜ್ವರ, ಹಣ್ಣು ಹುಳು, ಚಂದ್ರಿಕೆ, ಸುಣ್ಣಕಟ್ಟು, ಲಾಟು. ಹೊರಗಿನೋರಿಗೆ ಇದೂ ಜಾರ್ಗನ್ನೇ.

ಆದರೆ ಒಂದು ವ್ಯತ್ಯಾಸ ಇದೆ. "ಹುಳು ಜ್ವರಕ್ಕೆ ಕೂತವೆ" ಅಂದ್ರೆ ಸೊಪ್ಪು ಹಾಕಬೇಡ, ಮುಟ್ಟಬೇಡ. "ಜ್ವರ ಎದ್ದವೆ" ಅಂದ್ರೆ ಓಡು, ಸೊಪ್ಪು ತಾ. "ಸುಣ್ಣಕಟ್ಟು" ಅಂದ್ರೆ ಸತ್ತು ಬೆಳ್ಳಗೆ ಗಟ್ಟಿಯಾದ ಹುಳು ಆರಿಸಿ ಸುಡು, ಇಲ್ಲಾಂದ್ರೆ ಮನೆಯೆಲ್ಲ ಹರಡುತ್ತೆ. ಅವ್ವ ಒಂದು ಪದ ಕೂಗಿದ್ರೆ ಅಪ್ಪನ ಕೈಗೆ ಕೆಲಸ ಗೊತ್ತಾಗುತ್ತೆ. ಆಮೇಲೆ ಗೂಡು ರಾಮನಗರದ ಮಾರುಕಟ್ಟೆಗೆ ಹೋದಾಗ ನಿಜ ತಕ್ಕಡಿಯಲ್ಲಿ ತಿಳಿಯುತ್ತೆ. ಅಲ್ಲಿ "ನಮ್ಮದು ಒಳ್ಳೇ ಪೊಟೆನ್ಶಿಯಲ್ ಇರೋ ಗೂಡು" ಅಂದ್ರೆ ರೀಲರ್‌ಗಳು ನಗ್ತಾರೆ.

ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾರಲ್ಲ, ಅದು ಬೇಕಂತಲೇ ಗುಟ್ಟು. ಪಕ್ಕದಲ್ಲಿ ನಿಂತೋರಿಗೆ ತಿಳೀಬಾರದು. ಆದರೂ ಟವೆಲ್ ಒಳಗಿರೋ ಎರಡು ಕೈಗೆ ರೇಟು ಎಷ್ಟು ಅಂತ ಚೆನ್ನಾಗಿ ಗೊತ್ತಿರುತ್ತೆ.

ನನ್ನ ಕೆಲಸದಲ್ಲೂ ಅಂಥ ಪದ ಇವೆ. "ರೋಲ್‌ಬ್ಯಾಕ್ ಮಾಡು" ಅಂದ್ರೆ ಹೊಸದು ಕೈಕೊಟ್ಟಿದೆ, ಹಳೇ ವರ್ಷನ್ ವಾಪಸ್ ಹಾಕು. ಅಷ್ಟೇ. ಅದರ ಮೇಲೆ ನಂಗೆ ಯಾವ ಜಗಳವೂ ಇಲ್ಲ. ನನ್ನ ಜಗಳ ಟವೆಲ್ ಹಾಸಿ, ಒಳಗಡೆ ಕೈಯೇ ಇಡದ ಪದಗಳ ಜೊತೆ.

ಭಾಗ 4/7

ನಿಜ ಹೇಳ್ತೀನಿ, ಈ ಪದಗಳನ್ನ ನಾನು ಆಸೆಪಟ್ಟು ಕಲಿತೆ.

2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೂ ಬಂತು. ಮುಂದಿನ ವರ್ಷ ನಂಗೆ ಕೆಲಸ ಸಿಕ್ತು. ಊರಿಂದ ಬಸ್ಸಲ್ಲಿ ಬಂದು ಅಲ್ಲಿಳಿದು ಮೆಟ್ರೊ ಹತ್ತೋವಾಗ ಪ್ರತಿ ಸಲ ಅದೇ ಬೋರ್ಡು, ರೇಷ್ಮೆ ಸಂಸ್ಥೆ. ಅವ್ವನ ಕಸುಬು ಅಲ್ಲಿಗೆ ಮುಗಿದು ನನ್ನದು ಅಲ್ಲಿಂದ ಶುರು ಅನ್ನಿಸ್ತಿತ್ತು.

ಮೊದಲ ಆರು ತಿಂಗಳು ಮೀಟಿಂಗಲ್ಲಿ ನಾನು ಬಾಯಿ ಬಿಡಲಿಲ್ಲ. ಕೋಡ್ ಬರೀತಿದ್ದೆ, ಮಾತು ಬರ್ತಿರಲಿಲ್ಲ. ಇಂಗ್ಲಿಷಲ್ಲಿ ಒಂದು ವಾಕ್ಯ ಕಟ್ಟೋದರೊಳಗೆ ಮಾತು ಮೂರು ವಿಷಯ ದಾಟಿ ಹೋಗಿರ್ತಿತ್ತು. ಆಮೇಲೆ ಒಂದು ಗುಟ್ಟು ಕಂಡುಹಿಡಿದೆ. ಪೂರ್ತಿ ಇಂಗ್ಲಿಷ್ ಬರಬೇಕಿಲ್ಲ, ಮೂವತ್ತು ಪದ ಸಾಕು. "ಐ ವಿಲ್ ಟೇಕ್ ದ ಓನರ್‌ಶಿಪ್" ಅಂತ ಮೊದಲ ಸಲ ಅಂದಾಗ ಮ್ಯಾನೇಜರ್ ತಲೆ ಅಲ್ಲಾಡಿಸಿದ್ರು. ನಾನು ಏನು ಮಾಡ್ತೀನಿ ಅಂತ ಅವರು ಕೇಳಲಿಲ್ಲ, ನಂಗೂ ಗೊತ್ತಿರಲಿಲ್ಲ. ಆದರೂ ಅವತ್ತು ನಾನು ಆಫೀಸಿನವಳಾದೆ.

ನಾಲ್ಕು ವರ್ಷದಲ್ಲಿ ನಾನು ಟೀಮ್ ಲೀಡ್. ಈಗ ತಲೆ ಅಲ್ಲಾಡಿಸೋ ಸರದಿ ನನ್ನದು.

ಭಾಗ 5/7

ನಮ್ಮ ಟೀಮಿಗೆ ಮಳವಳ್ಳಿ ಕಡೆ ಒಬ್ಬ ಹುಡುಗ ಸೇರಿದ್ದ. ಅವನ ಊರಿಗೆ ಹೋಗೋ ಬಸ್ಸು ನಮ್ಮೂರಿನ ಮೇಲೇ ಹೋಗೋದು, ಅದಕ್ಕೇ ನನ್ನ "ಅಕ್ಕ" ಅಂತಿದ್ದ. ಕೆಲಸ ನೀಟು. ಮೀಟಿಂಗಲ್ಲಿ ಮಾತ್ರ ಮೌನ. ನಿಮಗೆ ಗೊತ್ತಾಯ್ತಲ್ಲ, ಅವನು ಯಾರ ಥರ ಅಂತ.

ಅವನ ಪ್ರೊಬೇಷನ್ ರಿವ್ಯೂ ಬರೆಯೋ ಕೆಲಸ ನಂದು. ನನ್ನ ಮನಸ್ಸಲ್ಲಿ ಒಂದು ತಕರಾರಿತ್ತು. ಒಂದು ರಾತ್ರಿ ಅವನು ನೋಡ್ಕೊಳ್ತಿದ್ದ ಒಂದು ಕೆಲಸ ಅರ್ಧಕ್ಕೆ ನಿಂತುಹೋಯ್ತು. ಅವನು ಯಾರಿಗೂ ಫೋನ್ ಮಾಡದೆ ಬೆಳಗಾಗೋವರೆಗೂ ಒಬ್ಬನೇ ಕೂತು ಸರಿ ಮಾಡೋಕೆ ಒದ್ದಾಡಿದ. ಆಗಲಿಲ್ಲ. ಬೆಳಗ್ಗೆ ಕ್ಲೈಂಟು ಕೂಗಾಡಿದ್ರು. ಇದನ್ನ ನಾನು ಅವನ ಹತ್ತಿರ ನೇರವಾಗಿ ಹೇಳಲಿಲ್ಲ. ಹೇಳೋದು ಮುಜುಗರ ಅನ್ನಿಸ್ತು. ಫಾರಂ ತೆಗೆದು ಒಂದು ಸಾಲು ಬರೆದೆ: "ಲ್ಯಾಕ್ಸ್ ಓನರ್‌ಶಿಪ್, ನೀಡ್ಸ್ ಟು ಬಿ ಮೋರ್ ಪ್ರೊಆಕ್ಟಿವ್." ಎರಡು ನಿಮಿಷದ ಕೆಲಸ.

ಹುಳು ಮನೇಲಿ ಕೂತು ಮಾತಾಡಿದ ಕಾಲ್ ಅವನ ಬಗ್ಗೆನೇ ಇತ್ತು. ನನ್ನ ಆ ಸಾಲನ್ನೇ ತೆರೆಯ ಮೇಲೆ ಹಾಕಿದ್ರು. "ಲೆಟ್ಸ್ ಟ್ರಾನ್ಸಿಷನ್ ಹಿಮ್ ಔಟ್" ಅಂತ ಒಬ್ಬರು ಅಂದ್ರು. "ಆರ್ ವಿ ಅಲೈನ್ಡ್?" ಅಂತ ಇನ್ನೊಬ್ಬರು ಕೇಳಿದ್ರು. "ಅಲೈನ್ಡ್" ಅಂದೆ ನಾನು.

ಕಾಲ್ ಮುಗಿದ ಮೇಲೆ ಅಪ್ಪ ಕೇಳಿದ್ದು ನೆನಪಿದೆಯಲ್ಲ? ಏನ್ ತೀರ್ಮಾನ ಆಯ್ತು?

ಉತ್ತರ ಇತ್ತು. "ಒಬ್ಬ ಹುಡುಗನ್ನ ಕೆಲಸದಿಂದ ತೆಗೆಯೋದು ಅಂತ ಆಯ್ತಪ್ಪ, ನಾನೂ ಹೂಂ ಅಂದೆ." ಕನ್ನಡದಲ್ಲಿ ಇಷ್ಟೇ. ಆದರೆ ನನ್ನ ಬಾಯಿಂದ ಬಂದಿದ್ದು ನಾಳೆ ಮೀಟಿಂಗ್ ಅನ್ನೋ ಮಾತು. ರಾತ್ರಿ ಮಲಗಿದಾಗ ಆ ಕನ್ನಡದ ವಾಕ್ಯ ಬಂದು ಎದೆ ಮೇಲೆ ಕೂತ್ಕೊಂಡ್ತು. ಮಂಗಳವಾರದ ಮೀಟಿಂಗಲ್ಲಿ ಅದನ್ನ ತಡೆಯೋ ಅವಕಾಶ ಇತ್ತು. ನಾನು ತಡೆಯಲಿಲ್ಲ. ನನ್ನ ಹೆಸರು ಕೆಡುತ್ತೆ ಅಂತ ಸುಮ್ಮನಿದ್ದೆ.

ಭಾಗ 6/7

ಶುಕ್ರವಾರ ಸಂಜೆ ಅವನು ಫೋನ್ ಮಾಡಿದ. ಅಳು ಇಲ್ಲ, ಬೈಗುಳ ಇಲ್ಲ.

"ಅಕ್ಕ, ಒಂದೇ ಒಂದು ಕೇಳ್ಲಾ? ಓನರ್‌ಶಿಪ್ ಅಂದ್ರೆ ಏನಕ್ಕಾ? ನಾನು ಏನು ಮಾಡಿದ್ರೆ ಅದು ಇದೆ ಅಂತ ಆಗ್ತಿತ್ತು? ಮುಂದಿನ ಕೆಲಸದಲ್ಲಿ ಮಾಡ್ತೀನಿ."

ನಂಗೆ ತಕ್ಷಣಕ್ಕೆ ಉತ್ತರ ಬರಲಿಲ್ಲ. ಕಾಲ್ ಕಟ್ ಆಯ್ತೇನೋ ಅಂತ ಅವನು ಎರಡು ಸಲ ಹಲೋ ಅಂದ.

ಇದು ಬರೀ ನಮ್ಮ ಆಫೀಸಿನ ರೋಗ ಅಲ್ಲ. 2014ರ ಜುಲೈನಲ್ಲಿ ಮೈಕ್ರೋಸಾಫ್ಟಿನ ಸ್ಟೀಫನ್ ಈಲಾಪ್ ನೌಕರರಿಗೆ ಒಂದು ಉದ್ದನೆ ಪತ್ರ ಬರೆದ್ರು. "ಹಲೋ ದೇರ್" ಅಂತ ಶುರು. ತಂತ್ರ, ಗುರಿ, ಅಲೈನ್‌ಮೆಂಟ್ ಅಂತ ಪ್ಯಾರಾ ಮೇಲೆ ಪ್ಯಾರಾ. ಸುಮಾರು 12,500 ಜನರ ಕೆಲಸ ಹೋಗುತ್ತೆ ಅನ್ನೋ ಸುದ್ದಿ ಎಲ್ಲೋ ಕೆಳಗಡೆ ಇತ್ತು. ಆ ಪತ್ರ ಓದಿ ಆಗ ಜಗತ್ತೇ ಆಡಿಕೊಂಡಿತ್ತು. ನಾನು ಬರೆದಿದ್ದು ಒಂದೇ ಸಾಲು, ಅಷ್ಟೇ ವ್ಯತ್ಯಾಸ.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆದ್ರೆ ಸರಿಹೋಗುತ್ತೆ ಅಂತಲೂ ಅಲ್ಲ. "ಕಡತ ಪರಿಶೀಲನೆಯಲ್ಲಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅನ್ನೋ ಕಾಗದ ನಮ್ಮಪ್ಪನ ಟ್ರಂಕಲ್ಲಿ ಒಂದು ಕಟ್ಟು ಇದೆ. ಯಾರು ಪರಿಶೀಲಿಸ್ತಾರೆ, ಯಾವತ್ತು, ಯಾವ ಕ್ರಮ? ಅಚ್ಚ ಕನ್ನಡ, ಆದರೆ ಮಾಡೋ ಮನುಷ್ಯನೇ ಅದರಲ್ಲಿಲ್ಲ. "ಲ್ಯಾಕ್ಸ್ ಓನರ್‌ಶಿಪ್" ಅಂತ ನಾನು ಬರೆದ ಸಾಲಲ್ಲೂ ನಾನಿರಲಿಲ್ಲ. ನಾನು ಹೇಳಬೇಕಿತ್ತು, ಹೇಳಲಿಲ್ಲ ಅನ್ನೋದು ಆ ಪದದ ಹಿಂದೆ ಆರಾಮಾಗಿ ಅಡಗಿಕೊಂಡಿತ್ತು.

ಭಾಗ 7/7

ಫೋನಲ್ಲಿ ಕೊನೆಗೆ ಹೇಳಿದೆ. "ನೋಡಪ್ಪ, ಆ ರಾತ್ರಿ ಕೆಲಸ ನಿಂತಾಗ ನೀನು ನಂಗೆ ಫೋನ್ ಮಾಡಬೇಕಿತ್ತು. ಎಷ್ಟೊತ್ತಾದ್ರೂ ಸರಿ. ಒಬ್ಬನೇ ಕೂತು ಸರಿ ಮಾಡಿದ್ರೇ ಒಳ್ಳೇ ಹೆಸರು ಅಂತ ನೀನು ಅಂದ್ಕೊಂಡೆ. ಅದೊಂದೇ ತಪ್ಪು. ಉಳಿದ ಕೆಲಸ ನೀನು ಚೆನ್ನಾಗೇ ಮಾಡಿದ್ದೆ. ಇದನ್ನ ನಾನು ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಅಂದ, "ಇಷ್ಟೇನಾ ಅಕ್ಕ?"

ಇಷ್ಟೇ. ಮರುದಿನವೇ ಹೇಳಿದ್ರೆ ಮುಂದಿನ ಸಲ ಅವನು ಖಂಡಿತ ಫೋನ್ ಮಾಡ್ತಿದ್ದ.

ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಗೊತ್ತಿರೋ ನಾಲ್ಕು ಕಡೆ ಅವನ ರೆಸ್ಯೂಮೆ ಕಳಿಸಿದ್ದೀನಿ. ಕೇಳಿದೋರಿಗೆ ಅವನು ಏನೇನು ಮಾಡಿದ, ಎಲ್ಲಿ ಎಡವಿದ ಅಂತ ಬಿಡಿಸಿ ಹೇಳ್ತೀನಿ. ಆಫೀಸಲ್ಲಿ ಮ್ಯಾನೇಜರ್‌ಗೂ ಹೇಳಿದೆ, ಆ ಸಾಲು ನಾನು ಬರೆದ ರೀತಿ ಸರಿಯಿರಲಿಲ್ಲ ಅಂತ. "ನೋಟೆಡ್" ಅಂದ್ರು. ನೋಟೆಡ್ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ.

ಈಗ ರಿವ್ಯೂ ಬರೆಯೋ ಮುಂಚೆ ಅದೇ ವಿಷಯವನ್ನ ಅವ್ವಂಗೆ ಫೋನಲ್ಲಿ ಹೇಳೋ ಥರ ಒಂದ್ಸಲ ಬಾಯಿಬಿಟ್ಟು ಹೇಳ್ಕೊಳ್ತೀನಿ. ಯಾರು, ಯಾವತ್ತು, ಏನು ಮಾಡಿದ್ರು, ಏನು ಮಾಡಬೇಕಿತ್ತು. ಬಾಯಿಗೆ ಬರದಿದ್ರೆ ನಂಗಿನ್ನೂ ವಿಷಯ ಗೊತ್ತಿಲ್ಲ ಅಂತ, ಇಲ್ಲಾಂದ್ರೆ ಏನೋ ಮುಚ್ಚಿಡ್ತಿದ್ದೀನಿ ಅಂತ. ಬರೆಯೋಕೆ ಎರಡು ನಿಮಿಷ ಹಿಡೀತಿದ್ದದ್ದು ಈಗ ಒಂದು ಗಂಟೆ ಹಿಡಿಯುತ್ತೆ.

ಕೆಲಸಕ್ಕೆ ಸೇರ್ತಿರೋ ತಮ್ಮಂದಿರೇ, ತಂಗಿಯರೇ, ಆ ಮೂವತ್ತು ಪದ ಕಲೀರಿ, ಬೇಡ ಅನ್ನಲ್ಲ. ಗೇಟ್ ದಾಟೋಕೆ ಬೇಕಾಗುತ್ತೆ. ಆದರೆ ಯಾರಾದ್ರೂ ನಿಮ್ಮ ಬಗ್ಗೆ ಅಂಥ ಪದ ಬರೆದ್ರೆ ಅವತ್ತೇ ಕೇಳಿ, "ಹಂಗಂದ್ರೆ ನಾನು ನಾಳೆಯಿಂದ ಏನು ಮಾಡಬೇಕು?" ಅಂತ. ಕೇಳೋಕೆ ನಾಚಿಕೆ ಬೇಡ. ಆ ಹುಡುಗ ಕೇಳಿದ, ಆದರೆ ಕೆಲಸ ಹೋದ ಮೇಲೆ.

ಕೊನೇ ಫೋಟೋ ಈ ಸಲದ ಗೂಡು, ರಾಮನಗರಕ್ಕೆ ಹೊರಡೋ ಮುಂಚೆ ತೆಗೆದಿದ್ದು. ಮಾರಿ ಬಂದ ದಿನ ಅಪ್ಪ ಫೋನಲ್ಲಿ ರೇಟು ಹೇಳಿದ್ರು, ಎಷ್ಟು ಕೆಜಿ ತೂಗಿತು ಅಂತ ಹೇಳಿದ್ರು, ಇಟ್ಟರು. ಮುಕ್ಕಾಲು ನಿಮಿಷ.

ನಿಮ್ಮ ಆಫೀಸಿನ ಯಾವ ಪದವನ್ನ ಮನೇಲಿ ಬಿಡಿಸಿ ಹೇಳೋಕಾಗದೆ ನೀವು ಒದ್ದಾಡಿದ್ದೀರಿ? ಕಾಮೆಂಟಲ್ಲಿ ಹಾಕಿ. ಒಂದೊಂದಕ್ಕೂ ಸರ್ಕಲ್ ಬ್ಯಾಕ್ ಮಾಡ್ತೀನಿ. ಅಲ್ಲಲ್ಲ, ಇವತ್ತು ರಾತ್ರಿ ಊಟ ಆದ ಮೇಲೆ ಕೂತು ಉತ್ತರ ಬರೀತೀನಿ.

#ಸಾತನೂರು #ಹುಳುಮನೆ #ಆಫೀಸ್‌ಕನ್ನಡ #ಹಂಗಂದ್ರೇನು