ಕಾಲುವೆಯ ಕಡೆಯವರೆಗೆ

ಪ್ರವಾಸಕ್ಕೆ ಹೊರಡುವವರು ಜೊತೆಗಾರರನ್ನು ಹುಡುಕುವುದು ವಾಡಿಕೆ. ನಾವು ಮಾತ್ರ ಕಳೆದ ಕಾರ್ತಿಕಮಾಸದಲ್ಲಿ ಒಬ್ಬರೇ ಹೊರಟೆವು. ‘ನಾವು’ ಎಂದು ಬರೆಯುವ ನಮ್ಮ ರೂಢಿಯನ್ನು ಕಂಡು ವಾಚಕ ಮಹಾಶಯರು ದೊಡ್ಡದೊಂದು ತಂಡವನ್ನು ಕಲ್ಪಿಸಿಕೊಳ್ಳಬಾರದು. ನಾವೂ ನಮ್ಮ ಬೈಸಿಕಲ್ಲೂ ಕೂಡಿ ಇಬ್ಬರು, ಅಷ್ಟೆ. ಶಿಗ್ಗಾವಿಯಿಂದ ತೊಡಗಿ ಸವಣೂರು, ಹಾನಗಲ್ಲು, ಹಿರೇಕೆರೂರುಗಳವರೆಗೆ, ಹೊಳೆ ಕೆರೆ ಕಾಲುವೆಗಳ ದಂಡೆಯನ್ನು ಆದಷ್ಟು ಬಿಡದೆ ನಾಲ್ಕು ದಿನ ತಿರುಗಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಮೋಟಾರಿನಲ್ಲಿ ಒಂದು ದಿನಕ್ಕೆ ಮುಗಿಯುವ ದಾರಿಗೆ ನಾಲ್ಕು ದಿನವೇಕೆಂದು ಮನೆಯವರು ಕೇಳಿದರು. ಆಗ ಉತ್ತರ ಹೇಳಲಿಲ್ಲ, ಇಲ್ಲಿ ಹೇಳುವೆವು.

ನಮ್ಮ ತಂದೆಯವರಿಗೆ ಹಾನಗಲ್ಲ ಸೀಮೆಯಲ್ಲಿ ಒಂದು ಉಪಕಾಲುವೆಯ ಕಟ್ಟಕಡೆಗೆ ಎರಡೆಕರೆ ಗದ್ದೆಯಿತ್ತು. ಕಾಲುವೆಗೆ ನೀರು ಬಿಟ್ಟ ಸುದ್ದಿ ನಮ್ಮ ಮನೆಗೆ ಮೊದಲು ಬರುತ್ತಿತ್ತು, ನೀರು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ಎಷ್ಟೋ ವರುಷ ಬರುತ್ತಲೇ ಇರಲಿಲ್ಲ. ಭತ್ತ ಹೊಡೆಯಾಗುವ ದಿನಗಳಲ್ಲಿ ಅವರು ರಾತ್ರಿಯೂಟ ಮುಗಿಸಿ, ಬೈಸಿಕಲ್ಲಿನ ಹಿಡಿಕೆಗೆ ಕಂದೀಲು ಕಟ್ಟಿಕೊಂಡು, ನೀರು ಎಲ್ಲಿ ನಿಂತಿದೆಯೆಂದು ನೋಡುವುದಕ್ಕೆ ಕಾಲುವೆಯ ಏರಿಯ ಮೇಲೆ ಮೇಲಕ್ಕೆ ಮೇಲಕ್ಕೆ ಹೋಗುತ್ತಿದ್ದರು. ಬೆಳಗಿನ ಜಾವ ಮರಳಿದಾಗ ನಮ್ಮ ತಾಯಿ ಒಂದೇ ಮಾತು ಕೇಳುತ್ತಿದ್ದಳು: “ಬಂತೇನು?” ಕೊನೆಗೊಂದು ವರುಷ ಗದ್ದೆಯನ್ನು ಮಾರಿ ನಾವೆಲ್ಲರೂ ಪಟ್ಟಣ ಸೇರಿದೆವು. ಅವರು ರಾತ್ರಿ ಕಂಡ ದಾರಿಯನ್ನು ಹಗಲಿನಲ್ಲಿ ಒಮ್ಮೆ ಕಾಣಬೇಕೆಂಬ ಆಸೆ ನಮ್ಮಲ್ಲಿ ಬಹುಕಾಲದಿಂದ ಇದ್ದಿತು.

ಶಿಗ್ಗಾವಿಯಲ್ಲಿ ಹೊಳೆಯಿಲ್ಲ. ಶಿಶುನಾಳ ಷರೀಫಸಾಹೇಬರು (1819–1889) ಬಾಳಿದ ಈ ನೆಲ ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿದ್ದು. ಅಲ್ಲಿಂದ ಬಂಕಾಪುರಕ್ಕೆ ಹೋಗುವಾಗ ಹೆದ್ದಾರಿಯ ಲಾರಿಗಳು ನಮ್ಮನ್ನು ಅಂಚಿಗೆ ತಳ್ಳಿ ಸಾಗಿದವು. ಆ ದಾರಿಯ ವಿಷಯ ಹೆಚ್ಚು ಬರೆಯಲೊಲ್ಲೆವು. ಕೋಟೆಯೊಳಗೆ ಕಾಲಿಟ್ಟೊಡನೆ ಸದ್ದು ಅಡಗಿ ನವಿಲಿನ ಕೂಗು ಕೇಳಿಸಿತು. ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವು ಈ ಕೋಟೆಯೊಳಗೇ ಇದೆ. ಕನಕದಾಸರು ಹುಟ್ಟಿದ ಬಾಡವೂ ಇದೇ ತಾಲೂಕಿನದು. ಅಲ್ಲಿಗೆ ಹೋಗಿಬರಬೇಕೆಂದಿದ್ದೆವು, ಆದರೆ ಜಾಲಿಮುಳ್ಳೊಂದು ಹಿಂದಿನ ಗಾಲಿಯನ್ನು ಹೊಕ್ಕು ಎರಡು ತಾಸು ತಿಂದಿತು.

ಸವಣೂರನ್ನು ಸೇರುವಾಗ ದೀಪ ಹಚ್ಚುವ ಹೊತ್ತು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರು, ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ ಊರೂ ಹೌದು. ಇಲ್ಲಿಯ ಎಲೆಯನ್ನು ಬಲ್ಲವರಿಗೆ ಬೇರೆಯ ಎಲೆ ರುಚಿಸುವುದಿಲ್ಲವೆಂಬ ಮಾತನ್ನು ಊಟದ ತರುವಾಯ ಪರೀಕ್ಷಿಸಿ ನೋಡಿ ಒಪ್ಪಿಕೊಂಡೆವು. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ದೊಡ್ಡಹುಣಸೆಯ ಮಠದ ಮರಗಳು. ಹೆಸರು ಹುಣಸೆಯಾದರೂ ಇವು ನಮ್ಮ ಹುಣಸೆಯಲ್ಲ. ಆಫ್ರಿಕಾ ಖಂಡದ ಬಾವೋಬಾಬ್ ಜಾತಿಯವು. ಅದಾವ ಕೈ ತಂದು ನೆಟ್ಟಿತೋ! ಮಳೆಗಾಲದ ನೀರನ್ನು ಆನೆಗಾತ್ರದ ಕಾಂಡದಲ್ಲಿ ಹೀರಿಟ್ಟುಕೊಂಡು ಬೇಸಗೆಯನ್ನು ಕಳೆಯುವ ಮರವಿದು. ಮರವೆನ್ನುವುದಕ್ಕಿಂತ ನಿಂತ ಕೆರೆಯೆನ್ನಬಹುದು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬೇರುಸಹಿತ ಉರುಳಿಬಿದ್ದಿತು. ಬಿದ್ದ ಮರವನ್ನು ಕೊಯ್ದು ಸೌದೆಮಾಡದೆ, ಯಂತ್ರಗಳನ್ನು ತರಿಸಿ ಎತ್ತಿ ಮತ್ತೆ ನೆಟ್ಟರು. ನಮ್ಮ ಜನ ಮನಸ್ಸು ಮಾಡಿದರೆ ಇಂಥದನ್ನೂ ಮಾಡಬಲ್ಲರು.

ಎರಡನೆಯ ದಿನ ಕರ್ಜಗಿಯ ಬಳಿಯಲ್ಲಿ ವರದೆಯನ್ನು ಕಂಡೆವು. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಬಂದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಹೊಳೆಯಿದು. ಮಲೆನಾಡಿನಲ್ಲಿ ಮಳೆ ಸುರಿದರೆ ಇಲ್ಲಿಯ ಬಯಲಿನಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಅದು ದಂಡೆ ಮೀರಿ ಹೊಲಮನೆಗಳನ್ನು ನುಂಗಿದ್ದನ್ನು ದಂಡೆಯವರು ನಿನ್ನೆಯದೆಂಬಂತೆ ಹೇಳುವರು. ಒಬ್ಬ ಮುದುಕಿ ತನ್ನ ಮನೆಯ ಗೋಡೆಯಲ್ಲಿ ನೀರು ನಿಂತ ಗೆರೆಯನ್ನು ತೋರಿಸಿದಳು; ಅದು ನಮ್ಮ ಎದೆಯ ಮಟ್ಟಕ್ಕಿತ್ತು. ಅದೇ ಹೊಳೆ ಬೇಸಗೆಯಲ್ಲಿ ಗುಂಡಿಗುಂಡಿಯಾಗಿ ಒಡೆದು, ಒಂದೊಂದು ಗುಂಡಿಯ ಸುತ್ತ ಹತ್ತು ಪಂಪುಗಳ ಕೊಳವೆ ಬಾಯಿಟ್ಟಿರುತ್ತವಂತೆ. ಆದಕಾರಣವೇ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಬೇಕೆಂದು ಇಲ್ಲಿಯವರು ಕೇಳುತ್ತಾರೆ. ತಿರುಗಿಸಿದರೆ ನಮ್ಮ ಕಾಡೂ ಹೊಳೆಯೂ ಕೆಟ್ಟವೆಂದು ಘಟ್ಟದವರು ತಡೆಯುತ್ತಾರೆ. ಎರಡೂ ಕಡೆಯ ಮಾತನ್ನು ಕೇಳಿದ ನಮಗೆ ಯಾರನ್ನೂ ಸುಳ್ಳರೆನ್ನುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಕೂಡಲದಲ್ಲಿ ವರದಾ ಧರ್ಮಾ ಹೊಳೆಗಳ ಸಂಗಮವನ್ನು ನೋಡಿ, ಬೆಲ್ಲ ಅವಲಕ್ಕಿ ತಿಂದು, ಸಂಜೆಗೆ ಹಾನಗಲ್ಲನ್ನು ಮುಟ್ಟಿದೆವು. ಇದು ಹಳೆಯ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ವಿರಾಟನಗರವಿದೇ ಎಂಬ ಐತಿಹ್ಯವೂ ಉಂಟು. ತಾರಕೇಶ್ವರನ ಗುಡಿಯ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡದೆ ಬಂದವನು ಹಾನಗಲ್ಲಿಗೆ ಹೋಗಲೇ ಇಲ್ಲವೆಂದು ತಿಳಿಯಬೇಕು. ಕಡೆದವನು ಇಂದಿಲ್ಲ; ಕಮಲವು ಮಾತ್ರ ನೀರಿಲ್ಲದೆಯೂ ಬಾಡದೆ ನಿಂತಿದೆ. ಆನೆಕೆರೆಯ ಏರಿಯ ಮೇಲೆ ಕತ್ತಲಾಗುವವರೆಗೆ ಕುಳಿತೆವು.

ಮೂರನೆಯ ದಿನ ನಸುಕಿನಲ್ಲಿಯೇ ತಂದೆಯವರ ಕಾಲುವೆಯನ್ನು ಹುಡುಕಿಕೊಂಡು ಹೊರಟೆವು. ಮಳಗಿಯ ಬಳಿ ಕಟ್ಟಿದ ಧರ್ಮಾ ಜಲಾಶಯದ ನೀರು ಈ ತಾಲೂಕಿಗೆ ಬರುತ್ತದೆ. ಬರುವ ದಾರಿಯಲ್ಲಿ ಕೆರೆಗಳನ್ನು ತುಂಬಿಸುತ್ತ ಸಾಗುವುದು ಇಲ್ಲಿಯ ಕಾಲುವೆಗಳ ಕ್ರಮ. ಏರಿಯ ಮೇಲೆ ಬೈಸಿಕಲ್ಲಿನಲ್ಲಿ ಹೋಗುವವನಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ. ಮೋಟಾರಿನವನಿಗೆ ಅದು ಎಂದಿಗೂ ತಿಳಿಯದು. ತಲೆಯ ಹತ್ತಿರ ನೀರಿನ ಸದ್ದು ಗಾಲಿಯ ಸದ್ದನ್ನು ಮುಚ್ಚುವಷ್ಟಿರುತ್ತದೆ. ಒಂದೊಂದು ತೂಬು ದಾಟಿದಂತೆ ಸದ್ದು ಸಣ್ಣದಾಗುತ್ತದೆ. ಅಲ್ಲಲ್ಲಿ ಕಲ್ಲು, ಹುಲ್ಲಿನ ಕಟ್ಟು, ಹರಿದ ಗೋಣಿಚೀಲಗಳ ಒಡ್ಡು ಕಾಣುತ್ತವೆ. ಆಮೇಲೆ ಹಸಿ ಕೆಸರು, ಆಮೇಲೆ ಒಣಗಿ ಬಿರಿದ ಕೆಸರು, ಕಡೆಗೆ ಕಾಲುವೆಯೊಳಗೇ ಎಕ್ಕದ ಗಿಡ. ಮೇಲಿನವರೆಲ್ಲ ಕೆಟ್ಟವರೇನಲ್ಲ. ಕಣ್ಣೆದುರಿನ ಪೈರು ಬಾಡುವಾಗ ಮುಂದಿನ ಹೊಲದ ನೆನಪು ಯಾರಿಗೂ ಬರುವುದಿಲ್ಲ. ನಮ್ಮ ತಂದೆಯವರ ಗದ್ದೆ ತಲೆಯಲ್ಲಿದ್ದಿದ್ದರೆ ಅವರೂ ರಾತ್ರಿ ನಿದ್ದೆಗೆಟ್ಟು ಕೆಳಗೆ ನೋಡಲು ಬರುತ್ತಿರಲಿಲ್ಲವೆಂದು ಅಲ್ಲಿ ಮೊದಲ ಬಾರಿ ಹೊಳೆಯಿತು, ಹೊಳೆದದ್ದು ಹಿತವಾಗಲಿಲ್ಲ.

ಗದ್ದೆಯ ಗುರುತು ಸಿಕ್ಕಿದ್ದು ಬದುವಿನ ಬೇವಿನಮರದಿಂದ. ಈಗ ಅಲ್ಲಿ ಭತ್ತವಿಲ್ಲ, ಗೋವಿನಜೋಳವಿದೆ. ಕೊಳವೆಬಾವಿ ತೋಡಿಸಿದ್ದಾರೆ. ಒಡೆಯನು ನಮಗಿಂತ ಕಿರಿಯವನು. ನಾವು ಯಾರೆಂದು ತಿಳಿದ ಮೇಲೆ ಸಂಕೋಚಪಟ್ಟು ಮಜ್ಜಿಗೆ ತರಿಸಿದನು. “ಕಾಲಿವಿ ನೀರು ನಂಬಿದ್ರ ನಡಿಯಾಂಗಿಲ್ರಿ,” ಎಂದನು, “ಆದ್ರ ಕಾಲಿವ್ಯಾಗ ನೀರು ಬಂದ ವರ್ಷ ಬಾವ್ಯಾಗೂ ನೀರು ಇರತೈತಿ ನೋಡ್ರಿ.” ಮೇಲೆ ತಪ್ಪಿಸಿಕೊಂಡ ನೀರು ನೆಲದೊಳಗಿಂದಲಾದರೂ ಕಡೆಯ ಹೊಲವನ್ನು ಮುಟ್ಟುತ್ತದೆಯೆಂದಾಯಿತು. ತಂದೆಯವರು ಇದನ್ನು ಕೇಳಿದ್ದರೆ ನಗುತ್ತಿದ್ದರೇನೋ.

ಅಲ್ಲಿಂದ ವರದೆಯನ್ನು ದಾಟಿ, ತಿಳವಳ್ಳಿ, ಚಿಕ್ಕೇರೂರುಗಳ ಮೇಲೆ ಹಿರೇಕೆರೂರಿಗೆ ಬರುವುದರಲ್ಲಿ ಕಾಲುಗಳು ಸೋತಿದ್ದವು. ನಾಲ್ಕನೆಯ ದಿನ ಮಾಸೂರಿನ ಮದಗದ ಕೆರೆಗೆ ಹೋದೆವು. ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಹಾಕಿದ ಒಡ್ಡನ್ನು ಏರಿಯೆನ್ನಲು ಬಾಯಿ ಬಾರದು. ಅದೂ ಒಂದು ಗುಡ್ಡವೇ. ಹಳೆಯ ಮಹಾಕೆರೆ ಒಡೆದುಹೋಗಿ, ಈಗ ಇರುವುದು ಅದರೊಂದು ಪಾಲು ಮಾತ್ರ. ಮದಗದ ಕೆಂಚವ್ವನ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಹಾಡಿನಲ್ಲಿ ಬರುವ ಮದಗವು ತಮ್ಮದೆಂದು ಕಡೂರಿನ ಕಡೆಯವರೂ ವಾದಿಸುವರು. ಆ ವ್ಯಾಜ್ಯದಲ್ಲಿ ನಾವು ಕೈಯಿಡೆವು. ಆದರೆ ಹಳೆಯ ತೂಬಿನ ಕಲ್ಲುಕಂಬಗಳ ಬುಡದಲ್ಲಿ ನಿಂತಾಗ, ಇಷ್ಟು ನೀರನ್ನು ಹಿಡಿದು ನಿಲ್ಲಿಸಿದವರೂ ಹಂಚುವ ತೂಬಿನ ಮೇಲೆಯೇ ಇಷ್ಟು ಕಲ್ಲು ವೆಚ್ಚಮಾಡಿದರಲ್ಲ ಎಂದು ಬಹಳ ಹೊತ್ತು ನೋಡುತ್ತಿದ್ದೆವು.

ಸರ್ವಜ್ಞನ ಹೆಸರಿಗೆ ಅಂಟಿಕೊಂಡ ಅಬಲೂರನ್ನು ಮರುವರ್ಷಕ್ಕೆ ಬಿಟ್ಟು, ಈಚೆಗೆ ಬೇರೆ ತಾಲೂಕಾದ ರಟ್ಟೀಹಳ್ಳಿಯಲ್ಲಿ ಕದಂಬೇಶ್ವರನಿಗೆ ಕೈಮುಗಿದು, ತುಂಗಾ ಮೇಲ್ದಂಡೆಯ ಕಾಲುವೆಯನ್ನು ಹಿಡಿದೆವು. ಶಿವಮೊಗ್ಗೆಯ ಆಚೆ ಗಾಜನೂರಿನಲ್ಲಿ ತುಂಗೆಯನ್ನು ಬಿಟ್ಟು ಅಷ್ಟು ದೂರದಿಂದ ಬರುವ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಬೆನ್ನಿಗೆ ಗಾಳಿ, ಎಡಕ್ಕೆ ನೀರು, ತುಳಿಯುವ ಕಷ್ಟವೇ ಇಲ್ಲ. ನಾವು ಕಾಲುವೆಯೊಳಗೆ ಇಣುಕುತ್ತ ಮೆಲ್ಲಗೆ ಹೋಗುತ್ತಿದ್ದೆವು. ಒಂದು ಕಿರುಸೇತುವೆಯ ಮೇಲೆ ಕುಳಿತಿದ್ದ ವೃದ್ಧ ರೈತನೊಬ್ಬನು ನಮ್ಮ ರೀತಿಯನ್ನು ದೂರದಿಂದಲೇ ಗಮನಿಸಿರಬೇಕು. ಹತ್ತಿರ ಬಂದೊಡನೆ ಎದ್ದುನಿಂತು, ರುಮಾಲು ಸರಿಮಾಡಿಕೊಂಡು, “ಸಾಹೇಬ್ರ, ಕಡೀ ಹೊಲಕ್ಕ ನೀರು ಯಾವಾಗ ಬಿಡತೀರಿ?” ಎಂದು ಕೇಳಿದನು.

ನಾವು ನೀರು ಬಿಡುವ ಸಾಹೇಬರಲ್ಲವೆಂದೂ, ಕಡೆಯ ಹೊಲದವರೇ ಎಂದೂ ಹೇಳಿ ಬೈಸಿಕಲ್ಲಿನಿಂದ ಇಳಿದೆವು. ಅವನಿಗೆ ಪೂರ್ತಿ ನಂಬಿಕೆ ಬಂದಂತೆ ತೋರಲಿಲ್ಲ; ಆದರೂ ಪಕ್ಕಕ್ಕೆ ಸರಿದು ಕೂಡಲು ಜಾಗ ಕೊಟ್ಟನು.