ಹಳೆಯ ಜಾವಾದ ಕಿಡಿ

ಬೆಳಗಾವಿಯಿಂದ ಖಾನಾಪುರದತ್ತ ಸಾಗಿದಂತೆಲ್ಲ ಮಳೆ ದಟ್ಟವಾಗುವುದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಿರ್ಮಾಣಗೊಂಡ ಜಾವಾ, ಯೆಜ್ಡಿಗಳಲ್ಲೊಂದು ಆ ಮಾರ್ಗಮಧ್ಯದಲ್ಲಿ ನಿಂತುಬಿಟ್ಟರೆ ಸವಾರನು ಮೊದಲು ಶಂಕಿಸುವುದು ಕಾರ್ಬ್ಯುರೇಟರನ್ನು. ನನ್ನ ಮತದಲ್ಲಿ ಪ್ರಥಮ ವಿಚಾರಣೆ ವಿದ್ಯುತ್ತಿನದೇ ಆಗಬೇಕು. ಪ್ಲಗ್ಗನ್ನು ಕಳಚಿ, ಅದರ ಲೋಹಭಾಗವನ್ನು ಸಿಲಿಂಡರಿನ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದಾಗ ನೀಲವರ್ಣದ ಕಿಡಿ ಚಿಟಿಲೆಂದರೆ ಚಿಂತೆಯಿಲ್ಲ, ಹಳದಿಯಾಗಿ ಕ್ಷೀಣವಾಗಿ ಮಿನುಗಿದರೆ ಬ್ಯಾಟರಿಯನ್ನೂ, ಪಾಯಿಂಟುಗಳ ನಡುವಣ ಅಂತರವನ್ನೂ (ಸುಮಾರು 0.4 ಮಿ.ಮೀ. ಇದ್ದರೆ ಸರಿ), ಅವುಗಳ ಮುಖ ಸುಟ್ಟು ಕುಳಿಬಿದ್ದಿದ್ದರೆ ಕಂಡೆನ್ಸರನ್ನೂ ಪರೀಕ್ಷಿಸತಕ್ಕದ್ದು. ತಣ್ಣಗಿರುವಾಗ ಓಡಿ, ಬಿಸಿಯೇರಿದೊಡನೆ ನಿಲ್ಲುವ ವ್ಯಾಧಿಗೆ ಬಹುಧಾ ಕಾಯಿಲೋ ಕಂಡೆನ್ಸರೋ ಮೂಲ. ಇವೆಲ್ಲಕ್ಕಿಂತ ಅಲಕ್ಷಿತವಾದುದು ಅರ್ತ್ ತಂತಿ: ಹಳೆಯ ಜಾವಾದ್ದು ಬರಿಯ 6 ವೋಲ್ಟಿನ ಬಡಸಂಸಾರವಾದುದರಿಂದ, ಕಿಲುಬು ಹಿಡಿದ ಸಂಧಿಯೊಂದರಲ್ಲಿ ಒಂದೇ ವೋಲ್ಟು ಸೋರಿದರೂ ಆರರಲ್ಲೊಂದು ಪಾಲು ಹೋಯಿತು, ಇಂದಿನ 12 ವೋಲ್ಟಿನ ವಾಹನಕ್ಕಾದರೋ ಅದು ಹನ್ನೆರಡರಲ್ಲೊಂದು ಮಾತ್ರ. ಖಾನಾಪುರ, ಜಾಂಬೋಟಿಗಳ ಆಷಾಢದಲ್ಲಿ ಕಿಲುಬಿಗೇನು ಬರವೆ? ಸೀಟಿನಡಿ ಒಂದು ಚೂರು ಮರಳುಕಾಗದ, ಒಣಬಟ್ಟೆ, ಹೆಚ್ಚುವರಿ ಪ್ಲಗ್ಗು ಇರಲಿ.