ಮುಪ್ಪಿನ ತೊಲೆಗೆ ನಾರಿನ ಊರುಗೋಲು

ಮನುಷ್ಯನಿಗೆ ಮುಪ್ಪು ಬರುವಂತೆ ಮನೆಗೂ ಮುಪ್ಪು ಬರುವುದುಂಟು. ಕಾಂಕ್ರೀಟು ಕಲ್ಲಿನಂತೆ ಕಾಣುವುದರಿಂದ ಅದು ಅಜರಾಮರವೆಂದು ಲೋಕ ಭ್ರಮಿಸಿತು. ಆದರೆ ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದೇ ಹೊರತು ಎಳೆತವನ್ನು ತಾಳಲಾರದು. ಭಾರ ಹೊತ್ತ ತೊಲೆಯ ಕೆಳಮೈಯಲ್ಲಿ ಎಳೆತ ಹೆಚ್ಚು. ಆದುದರಿಂದಲೇ ಅಲ್ಲಿ ಉಕ್ಕಿನ ಕಂಬಿಗಳನ್ನು ಹುದುಗಿಸುವರು. ವರ್ಷಗಳು ಉರುಳಿದಂತೆ ಗಾಳಿಯೂ ತೇವವೂ ಉಪ್ಪೂ ಒಳಹೊಕ್ಕು ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಇಮ್ಮಡಿಗೂ ಮೀರಿದ ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ. ಕಾಯಬೇಕಾದುದೇ ಒಡಲನ್ನು ಒಡೆಯುವ ಈ ರೋಗಕ್ಕೆ ಮದ್ದೇನು?

ಮದ್ದು ನಾರಿನಲ್ಲಿ ದೊರೆಯಿತು. ಸ್ವಿಟ್ಜರ್ಲೆಂಡಿನ ಲುಸರ್ನ್ ನಗರದ ಇಬಾಖ್ ಸೇತುವೆಯಲ್ಲಿ, ಸಂಚಾರ ದೀಪಗಳನ್ನು ನಿಲ್ಲಿಸಲು ರಂಧ್ರ ಕೊರೆಯುವಾಗ ಒಳಗಿನ ಬಿಗಿತಂತಿಗಳು ಕಡಿದುಹೋದುವು. 1991ರಲ್ಲಿ ಅದಕ್ಕೆ ಇಂಗಾಲದ ನಾರಿನ ಪಟ್ಟಿಗಳನ್ನು ಅಂಟಿಸಿದರು. 175 ಕಿಲೋಗ್ರಾಂ ಉಕ್ಕು ಮಾಡಬೇಕಿದ್ದ ಕೆಲಸವನ್ನು 6.2 ಕಿಲೋಗ್ರಾಂ ಪಟ್ಟಿ ಪೂರೈಸಿತು.

ಪಟ್ಟಿಯ ವಿದ್ಯೆಗೆ ಒಡಹುಟ್ಟಾದುದು ಕಂಬಿಯ ವಿದ್ಯೆ. ಗಾಜಿನ ಅಥವಾ ಇಂಗಾಲದ ಎಳೆಗಳನ್ನು ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದ ಕಂಬಿಗೆ ತುಕ್ಕಿನ ಭಯವಿಲ್ಲ. ತೂಕವೂ ಉಕ್ಕಿನ ಸುಮಾರು ಕಾಲುಭಾಗ. ಹಳೆಯ ಉಕ್ಕಿನ ತುಕ್ಕನ್ನು ಮೊದಲು ಕಳೆದು, ಶಿಥಿಲವಾದ ಕಾಂಕ್ರೀಟನ್ನು ಸರಿಪಡಿಸಬೇಕು. ಆಮೇಲೆ ತೊಲೆಯ ಕೆಳಮೈಯುದ್ದಕ್ಕೂ ಸಣ್ಣ ತೋಡು ಕೊರೆದು, ಧೂಳನ್ನು ತೆಗೆದು, ಎಪಾಕ್ಸಿ ಅಂಟನ್ನು ಅರ್ಧಕ್ಕೆ ತುಂಬಿ, ಕಂಬಿಯನ್ನು ಒತ್ತಿ ಕೂರಿಸಿ, ಮತ್ತೆ ಅಂಟಿನಿಂದ ಮುಚ್ಚುವರು.

ಆದರೆ ಗುಣವಿದ್ದಲ್ಲಿ ದೋಷವೂ ಉಂಟು. ಉಕ್ಕು ಮುರಿಯುವ ಮೊದಲು ಹಿಗ್ಗುತ್ತದೆ. ತೊಲೆ ಬಾಗಿ, ಬಿರುಕು ಬಿಟ್ಟು, ಒಳಗಿರುವವರಿಗೆ ಹೊರಡಿರೆಂದು ಎಚ್ಚರಿಕೆ ಕೊಡುತ್ತದೆ. ನಾರಿನ ಕಂಬಿ ಹಾಗಲ್ಲ. ಕೊನೆಯವರೆಗೂ ಬಿಗಿಯಾಗಿ ನಿಂತು ಒಮ್ಮೆಗೇ ಹರಿಯುತ್ತದೆ. ಬೆಂಕಿ ಬಿದ್ದರೆ ಅಂಟು ಬೇಗನೆ ಮೆತ್ತಗಾಗುತ್ತದೆ. ಇದನ್ನರಿತೇ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಮಾರ್ಗಸೂಚಿ ಕಟ್ಟಳೆಯೊಂದನ್ನು ವಿಧಿಸಿದೆ: ಸೇರಿಸಿದ ಬಲ ನಷ್ಟವಾದರೂ ಹಳೆಯ ತೊಲೆ ಸ್ವಂತ ಬಲದಿಂದ ಕುಸಿಯದೆ ನಿಲ್ಲುವಂತಿರಬೇಕು.

ಕಟ್ಟುವ ವಿದ್ಯೆಯನ್ನು ಕಲಿಯುವ ತರುಣರು ಈ ಕಟ್ಟಳೆಯನ್ನು ಲೆಕ್ಕದ ಪುಟದಲ್ಲಿ ಬರೆದಿಟ್ಟರಷ್ಟೇ ಸಾಲದು. ಊರುಗೋಲು ನಡೆಯಬಲ್ಲವನಿಗೆ ನೆರವು, ನಿಲ್ಲಲಾರದವನಿಗೆ ಭಾರ. ಮಕ್ಕಳು ಕುಳಿತು ಓದುವ ಸೂರಿನ ತೊಲೆಯಾದರಂತೂ, ಹೊಸ ಕಂಬಿಯ ಬಲವನ್ನು ಎಣಿಸುವ ಮುನ್ನ ಹಳೆಯ ತೊಲೆಯಲ್ಲಿ ಇನ್ನೆಷ್ಟು ಬಲ ಉಳಿದಿದೆಯೆಂಬುದನ್ನು ಪರೀಕ್ಷಿಸಬೇಕು.